ಇಸಿಜಿ, ಇಎಂಜಿ ಪ್ರಾಜೆಕ್ಟಿಗೆ ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್: ಯಾವ ಚಿಪ್, ಯಾಕೆ, ತಂದ ಮೇಲೆ ಪರೀಕ್ಷೆ ಹೇಗೆ

ಮುಂಬೈ, ಪುಣೆ, ಗೋವಾದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ನಮ್ಮ ಕಡೆಯ ಹುಡುಗ ಹುಡುಗಿಯರಲ್ಲಿ ಪ್ರತಿ ವರ್ಷ ಯಾರಾದರೂ ಫೈನಲ್ ಇಯರ್ ಪ್ರಾಜೆಕ್ಟಿಗೆ ಇಸಿಜಿ (ಹೃದಯದ ವಿದ್ಯುತ್ ಸಿಗ್ನಲ್) ಇಲ್ಲವೇ ಇಎಂಜಿ (ಸ್ನಾಯುವಿನದು) ಹಿಡಿಯುತ್ತಾರೆ. ಮುಂದೆ ಆಗುವುದು ಬಹುತೇಕ ಒಂದೇ ಥರ. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೋ, ಪುಣೆಯಲ್ಲಾದರೆ ಬುಧವಾರ ಪೇಟೆಯ ತಪಕೀರ್ ಗಲ್ಲಿಗೋ ಹೋಗಿ, ಸೀನಿಯರ್‌ಗಳ ರಿಪೋರ್ಟಿನಲ್ಲಿದ್ದ ಎಡಿ620 ಎಂಬ ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್ ಚಿಪ್ (ಎರಡು ಇನ್‌ಪುಟ್ಟುಗಳ ವ್ಯತ್ಯಾಸವನ್ನು ಹಿಗ್ಗಿಸುವಂಥದ್ದು) ತರುತ್ತಾರೆ. ಗೇನ್, ಅಂದರೆ ಎಷ್ಟು ಪಟ್ಟು ಹಿಗ್ಗಿಸಬೇಕೆಂಬುದು, 1000 ಇಡುತ್ತಾರೆ. ಸ್ಕ್ರೀನಿನ ಮೇಲೆ ತುದಿಗೆ ಅಂಟಿಕೊಂಡ ನೇರ ಗೆರೆ ಬರುತ್ತದೆ. ಚಿಪ್ ಹೋಗಿದೆ ಅಂದುಕೊಂಡು ಇನ್ನೆರಡು ತರುತ್ತಾರೆ, ಅವೂ ಅದೇ ಗೆರೆ ತೋರಿಸುತ್ತವೆ.

ಚಿಪ್ ಪಾಪ ಸರಿಯಾಗಿಯೇ ಇರುತ್ತದೆ, ಆರಿಸುವ ಕ್ರಮ ತಲೆಕೆಳಗಾಗಿರುತ್ತದೆ. ಡೇಟಾಶೀಟಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದ ಸಿಎಂಆರ್‌ಆರ್ (ಎರಡೂ ಇನ್‌ಪುಟ್ಟುಗಳಿಗೆ ಸಮನಾಗಿ ಬಂದದ್ದನ್ನು ಚಿಪ್ ಎಷ್ಟು ಅಡಗಿಸುತ್ತದೆ ಎಂಬ ಅಳತೆ, ಡಿಬಿಯಲ್ಲಿ) ನೋಡಿ ಚಿಪ್ ಕೊಳ್ಳುವವರಿಗೆ, ಚರ್ಮದ ಮೇಲಿನ ಇಲೆಕ್ಟ್ರೋಡು ತಾನೇ ಎಷ್ಟು ವೋಲ್ಟೇಜ್ ಹುಟ್ಟಿಸುತ್ತದೆ ಎಂಬುದು ಗೊತ್ತಿರುವುದಿಲ್ಲ. ಲೆಕ್ಕವನ್ನು ಚರ್ಮದ ಕಡೆಯಿಂದ ಶುರುಮಾಡಿದರೆ ಅರ್ಧದಷ್ಟು ಚಿಪ್‌ಗಳು ತಾವಾಗಿಯೇ ಪಟ್ಟಿಯಿಂದ ಉದುರುತ್ತವೆ.

ಮೂರು ಆಪ್‌ಆಂಪ್ ಸೇರಿಸಿ ನಾವೇ ಮಾಡಿಕೊಂಡರೆ ಆಗದೇ ಎಂದು ಕೇಳುವವರಿದ್ದಾರೆ. ಕಲಿಯಲಿಕ್ಕೆ ಆಗಬಹುದು. ಆದರೆ 1 ಪರ್ಸೆಂಟ್ ರೆಸಿಸ್ಟರುಗಳಿಂದ ಕಟ್ಟಿದ, ಗೇನ್ 1ರ ಡಿಫರೆನ್ಸ್ ಆಂಪ್ಲಿಫೈಯರಿನ ಸಿಎಂಆರ್‌ಆರ್ ಕೆಟ್ಟ ಸಂದರ್ಭದಲ್ಲಿ 34 ಡಿಬಿಗೆ ಇಳಿಯುತ್ತದೆ. ಅದರ ಮುಂದೆ ಗೇನ್ 10ರ ಹಂತ ಇಟ್ಟರೂ 54. ಚಿಪ್ಪಿನ ಒಳಗಿನ ರೆಸಿಸ್ಟರುಗಳನ್ನು ಕಾರ್ಖಾನೆಯಲ್ಲೇ ಲೇಸರಿನಿಂದ ತಿದ್ದಿ ಸರಿದೂಗಿಸಿರುತ್ತಾರೆ. ನೀವು ಕೊಡುವ ದುಡ್ಡು ಮುಖ್ಯವಾಗಿ ಅದಕ್ಕೆ.

ಮೊದಲ ಲೆಕ್ಕ: ಸಿಗ್ನಲ್ ಎಷ್ಟು, ಅದರ ಮೇಲೆ ಕೂತ ಹೊರೆ ಎಷ್ಟು

ಇಸಿಜಿಯ ಆರ್ ಅಲೆ ಸುಮಾರು 1 ಮಿಲಿವೋಲ್ಟ್. ರೋಗ ಪತ್ತೆಯ ಮಟ್ಟದ ಇಸಿಜಿಗೆ 0.05ರಿಂದ 150 ಹರ್ಟ್ಝ್ ಬೇಕು, ಬರೀ ಬಡಿತ ನೋಡಲು 0.5ರಿಂದ 40 ಸಾಕು. ಚರ್ಮದ ಮೇಲಿಂದ ಹಿಡಿಯುವ ಇಎಂಜಿ ಹತ್ತಾರು ಮೈಕ್ರೋವೋಲ್ಟಿನಿಂದ ಕೆಲವು ಮಿಲಿವೋಲ್ಟಿನವರೆಗೆ ಹೋಗುತ್ತದೆ, ಅದರ ಹರವು 20ರಿಂದ 500 ಹರ್ಟ್ಝ್. ಇಇಜಿ (ಮಿದುಳಿನ ಸಿಗ್ನಲ್) 10ರಿಂದ 100 ಮೈಕ್ರೋವೋಲ್ಟ್, ಅಷ್ಟೇ. ಮೊದಲ ಪ್ರಾಜೆಕ್ಟಿಗೆ ಇಇಜಿ ಹಿಡಿಯಬೇಡಿ. ಅದೇ ಬೋರ್ಡಿನಲ್ಲಿ ಇಎಂಜಿ ಚೆನ್ನಾಗಿ ಬಂದ ಮೇಲೆ ನೋಡೋಣ.

ಇನ್ನು ಹೊರೆ. ಬೆಳ್ಳಿ ಮತ್ತು ಸಿಲ್ವರ್ ಕ್ಲೋರೈಡಿನ ಇಲೆಕ್ಟ್ರೋಡು ಜೆಲ್ಲಿಗೆ ತಾಗಿದಲ್ಲಿ ಒಂದು ಪುಟ್ಟ ಬ್ಯಾಟರಿಯೇ ಆಗುತ್ತದೆ. ಎರಡು ಇಲೆಕ್ಟ್ರೋಡುಗಳ ಬ್ಯಾಟರಿ ಸರಿಸಮ ಇದ್ದರೆ ತೊಂದರೆಯಿಲ್ಲ, ಆದರೆ ಇರುವುದಿಲ್ಲ. ಒಂದರ ಜೆಲ್ ಒಣಗಿದ್ದರೆ, ಒಂದರ ಕೆಳಗೆ ಬೆವರಿದ್ದರೆ ವ್ಯತ್ಯಾಸ ಬೆಳೆಯುತ್ತದೆ. ಇಸಿಜಿ ಯಂತ್ರಗಳ ಅಂತಾರಾಷ್ಟ್ರೀಯ ಮಾನದಂಡಗಳು ±300 ಮಿಲಿವೋಲ್ಟ್ ಡಿಸಿ ಆಫ್‌ಸೆಟ್ ಬಂದರೂ ಯಂತ್ರ ಕೆಲಸ ಮಾಡಬೇಕು ಎನ್ನುತ್ತವೆ. ಅಂದರೆ 1 ಮಿಲಿವೋಲ್ಟ್ ಸಿಗ್ನಲ್ಲಿನ ಹೆಗಲ ಮೇಲೆ ಅದರ ಮುನ್ನೂರು ಪಟ್ಟು ಡಿಸಿ ಕೂತಿರಬಹುದು. ಮೇಲಿನ ನೇರ ಗೆರೆಯ ಗುಟ್ಟು ಇದೇ. ಗೇನ್ 1000 ಇಟ್ಟರೆ 300 ಮಿಲಿವೋಲ್ಟ್ 300 ವೋಲ್ಟ್ ಆಗಬೇಕಾಗುತ್ತದೆ, 9 ವೋಲ್ಟಿನ ಬ್ಯಾಟರಿ ಎಲ್ಲಿಂದ ಕೊಟ್ಟೀತು?

ಎರಡನೇ ಲೆಕ್ಕ: ಸಪ್ಲೈ ಹೇಳಿದಷ್ಟೇ ಗೇನ್

ಚಿಪ್ಪಿನ ಔಟ್‌ಪುಟ್ ಎಷ್ಟು ವೋಲ್ಟ್ ಏರಬಲ್ಲದು ಎಂಬುದನ್ನು 0.3 ವೋಲ್ಟಿನಿಂದ ಭಾಗಿಸಿ. ಬಂದದ್ದೇ ಮೊದಲ ಹಂತದ ಗರಿಷ್ಠ ಗೇನ್.

±5 ವೋಲ್ಟಿನಲ್ಲಿ ಐಎನ್‌ಎ128 ಹಾಕಿದರೆ, ಅದರ ಔಟ್‌ಪುಟ್ ಎರಡೂ ತುದಿಗಳಿಂದ 1.4 ವೋಲ್ಟ್ ಒಳಗೇ ನಿಲ್ಲುತ್ತದೆ ಎಂದು ಡೇಟಾಶೀಟ್ ಖಾತರಿ ಕೊಡುತ್ತದೆ. ಉಳಿದದ್ದು ±3.6 ವೋಲ್ಟ್, ಗೇನ್ 12. ಹತ್ತು ಇಡಿ. ಈ ಚಿಪ್ಪಿನ ಸೂತ್ರ ಗೇನ್ = 1 + 50 ಕೆ ÷ ಆರ್‌ಜಿ (ಆರ್‌ಜಿ ಅಂದರೆ ಗೇನ್ ನಿರ್ಧರಿಸಲು ನಾವು ಹಾಕುವ ರೆಸಿಸ್ಟರ್, ಕೆ ಅಂದರೆ ಕಿಲೋಓಮ್), ಆದ್ದರಿಂದ 5.6 ಕೆ ಹಾಕಿದರೆ 9.93 ಬರುತ್ತದೆ. ಅದೇ ಚಿಪ್ಪನ್ನು ನಾಲ್ಕು ಪೆನ್ಸಿಲ್ ಸೆಲ್ಲಿನಿಂದ ±3 ವೋಲ್ಟಿನಲ್ಲಿ ಓಡಿಸಿದರೆ ಔಟ್‌ಪುಟ್ಟಿಗೆ ಉಳಿಯುವುದು ±1.6, ಗೇನ್ 5. ಇನ್‌ಪುಟ್ಟುಗಳು ಕೂಡ ಎರಡೂ ಸಪ್ಲೈಗಳಿಂದ 2 ವೋಲ್ಟ್ ದೂರ ಇರಬೇಕು, ಹಾಗಾಗಿ ಮೈಮೇಲಿನ ಕಾಮನ್ ಮೋಡ್ (ಎರಡೂ ಇನ್‌ಪುಟ್ಟುಗಳಿಗೆ ಸಮನಾಗಿ ಬರುವ ವೋಲ್ಟೇಜ್) ±1 ವೋಲ್ಟ್ ದಾಟುವಂತಿಲ್ಲ.

ಈಗ ಹೆಚ್ಚಿನವರು ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಜತೆ 3.3 ವೋಲ್ಟಿನಲ್ಲೇ ಎಲ್ಲ ಮುಗಿಸಲು ನೋಡುತ್ತಾರೆ. ಅಲ್ಲಿ ಐಎನ್‌ಎ333 ಚೆನ್ನ. 1.8ರಿಂದ 5.5 ವೋಲ್ಟಿನವರೆಗೆ ನಡೆಯುತ್ತದೆ, ಕುಡಿಯುವುದು 50 ಮೈಕ್ರೋಆಂಪ್, ಔಟ್‌ಪುಟ್ ಎರಡೂ ಸಪ್ಲೈಗಳ ಹತ್ತಿರದವರೆಗೂ ಹೋಗುತ್ತದೆ. ಮಧ್ಯಬಿಂದು 1.65 ವೋಲ್ಟಿಗಿಟ್ಟರೆ ಗೇನ್ 5 ಬರುತ್ತದೆ. ಸೂತ್ರ 1 + 100 ಕೆ ÷ ಆರ್‌ಜಿ, ಹಾಗಾಗಿ 24.9 ಕೆ.

ಇಲ್ಲಿ ಎಡಿ623 ಒಂದು ಗುಪ್ತ ಗುಂಡಿ ತೋಡಿರುತ್ತದೆ. ಅದೂ ಸಿಂಗಲ್ ಸಪ್ಲೈ ಚಿಪ್, 3.3 ವೋಲ್ಟಿನಲ್ಲಿ ನಡೆಯುತ್ತದೆ. ಆದರೆ ಅದರ ಇನ್‌ಪುಟ್ ಕೆಳಗೆ ಗ್ರೌಂಡಿಗಿಂತ 0.15 ವೋಲ್ಟ್ ಇಳಿಯಬಹುದಾದರೂ, ಮೇಲೆ ಸಪ್ಲೈಗಿಂತ 1.5 ವೋಲ್ಟ್ ಕೆಳಗೇ ನಿಲ್ಲಬೇಕು. 3.3ರಲ್ಲಿ 1.5 ಕಳೆದರೆ 1.8. ನೀವು ರೂಢಿಯಂತೆ ಮೈಯನ್ನು 1.65ಕ್ಕೆ ಕಟ್ಟಿದರೆ ಉಳಿಯುವ ಜಾಗ 0.15 ವೋಲ್ಟ್ ಮಾತ್ರ. ಸ್ವಲ್ಪ 50 ಹರ್ಟ್ಝ್ ಬಂತೆಂದರೆ ಅಲೆಯ ತಲೆ ಕತ್ತರಿಸಿದಂತಾಗುತ್ತದೆ. ಎಡಿ623 ಬಳಸಲೇಬೇಕಿದ್ದರೆ ಮೈಯ ಮಟ್ಟವನ್ನು 0.9 ವೋಲ್ಟಿನ ಸುತ್ತ ಇಡಿ, ರೆಫ್ ಪಿನ್ನನ್ನು (ಔಟ್‌ಪುಟ್ಟಿನ ಸೊನ್ನೆ ಮಟ್ಟ ಎಲ್ಲಿರಬೇಕೆಂದು ಹೇಳುವ ಕಾಲು) ಮಾತ್ರ 1.65ಕ್ಕೆ ಕೊಡಿ.

ಮೂರನೇ ಲೆಕ್ಕ: ಬಯಾಸ್ ಕರೆಂಟ್ ಯಾವ ದಾರಿಯಲ್ಲಿ ಹೋಗುತ್ತದೆ

ಚಿಪ್ಪಿನ ಎರಡೂ ಇನ್‌ಪುಟ್ಟುಗಳಿಗೆ ನ್ಯಾನೋಆಂಪಿನ ಮಟ್ಟದ ಕರೆಂಟ್ ಹರಿಯಲೇಬೇಕು, ಅದಕ್ಕೆ ಡಿಸಿ ದಾರಿ ಬೇಕು. ಮೈಯನ್ನು ಬೋರ್ಡಿನ ಮಟ್ಟಕ್ಕೆ ಕಟ್ಟುವ ಮೂರನೇ ಇಲೆಕ್ಟ್ರೋಡು ಹಾಕದೆ ಎರಡೇ ಅಂಟಿಸಿದರೆ ದಾರಿಯಿಲ್ಲದೆ ಇನ್‌ಪುಟ್ ನಿಧಾನಕ್ಕೆ ತೇಲುತ್ತಾ ಹೋಗಿ ಸಪ್ಲೈಗೆ ಅಂಟಿಕೊಳ್ಳುತ್ತದೆ. ಆನ್ ಮಾಡಿದಾಗ ಎರಡು ಸೆಕೆಂಡ್ ಸಿಗ್ನಲ್ ಕಂಡು ಆಮೇಲೆ ಮಾಯವಾದರೆ ಮೊದಲು ಇದನ್ನೇ ಅನುಮಾನಿಸಿ.

ಆಫ್‌ಸೆಟ್ಟಿನ ಕಾಟ ತಪ್ಪಿಸಲು ಕೆಲವರು ಇನ್‌ಪುಟ್ಟಿಗೇ ಕೆಪಾಸಿಟರ್ ಹಾಕುತ್ತಾರೆ, ಜತೆಗೆ 10 ಮೆಗಾಓಮಿನ ರೆಸಿಸ್ಟರುಗಳಿಂದ ಬಯಾಸ್ ದಾರಿ ಕೊಡುತ್ತಾರೆ. ಆಗ ಚಿಪ್ಪಿನ ಬಯಾಸ್ ಕರೆಂಟ್ ನೇರವಾಗಿ ಆಟಕ್ಕೆ ಬರುತ್ತದೆ. ಗರಿಷ್ಠ ಬೆಲೆಗಳನ್ನು ಹಿಡಿದು ಗುಣಿಸಿದರೆ, 2 ನ್ಯಾನೋಆಂಪಿನ ಎಡಿ620 ಆ 10 ಮೆಗಾಓಮಿನಲ್ಲಿ 20 ಮಿಲಿವೋಲ್ಟ್ ಬೀಳಿಸುತ್ತದೆ. 5 ನ್ಯಾನೋಆಂಪಿನ ಐಎನ್‌ಎ128ರದ್ದು 50 ಮಿಲಿವೋಲ್ಟ್. 25 ನ್ಯಾನೋಆಂಪಿನ ಎಡಿ623ರದ್ದು 250, ಅಂದರೆ ಯಾವ ಆಫ್‌ಸೆಟ್ ತಪ್ಪಿಸಲು ಹೋದಿರೋ ಅದನ್ನೇ ಕೈಯಾರೆ ಮರಳಿ ತಂದಂತಾಯಿತು. 200 ಪಿಕೋಆಂಪಿನ ಐಎನ್‌ಎ333ರದ್ದು 2 ಮಿಲಿವೋಲ್ಟ್ ಮಾತ್ರ, ಎಫ್‌ಇಟಿ ಇನ್‌ಪುಟ್ಟಿನ ಐಎನ್‌ಎ121ರದ್ದು ಅದಕ್ಕೂ ಕಡಿಮೆ. ಎರಡೂ ಇನ್‌ಪುಟ್ಟುಗಳ ಬೀಳು ಒಂದಿಷ್ಟು ಪರಸ್ಪರ ವಜಾ ಆಗುತ್ತದೆ ನಿಜ, ಆದರೆ ಅದನ್ನು ನಂಬಿ ಡಿಸೈನ್ ಮಾಡಬೇಡಿ.

ಈ ವಿಧಾನದ ಇನ್ನೊಂದು ಕೇಡು ಕೆಪಾಸಿಟರಿನ ಟಾಲರೆನ್ಸ್. 0.1 ಮೈಕ್ರೋಫ್ಯಾರಡಿನ, 10 ಪರ್ಸೆಂಟಿನ ಎರಡು ಕೆಪಾಸಿಟರುಗಳು ವಿರುದ್ಧ ದಿಕ್ಕಿಗೆ ತಪ್ಪಿದರೆ 50 ಹರ್ಟ್ಝಿನಲ್ಲಿ ಸಿಗುವ ಸಿಎಂಆರ್‌ಆರ್ ಸುಮಾರು 64 ಡಿಬಿ. ಅದಕ್ಕೇ ನೇರ ಜೋಡಣೆ, ಕಡಿಮೆ ಗೇನ್, ಆಮೇಲಿನ ಹಂತದಲ್ಲಿ ಹೈಪಾಸ್ (ಡಿಸಿ ಮತ್ತು ನಿಧಾನದ ಏರಿಳಿತ ತಡೆಯುವ ಫಿಲ್ಟರ್) ಎಂಬ ಕ್ರಮವೇ ಉತ್ತಮ.

ನಾಲ್ಕನೇ ಲೆಕ್ಕ: ನಾಯ್ಸ್, ರೆಸಿಸ್ಟರನ್ನೂ ಸೇರಿಸಿ

ಡೇಟಾಶೀಟಿನಲ್ಲಿ ಎಡಿ620ಗೆ 9, ಐಎನ್‌ಎ128ಗೆ 8, ಐಎನ್‌ಎ333ಗೆ 50 ನ್ಯಾನೋವೋಲ್ಟ್ ಪ್ರತಿ ರೂಟ್ ಹರ್ಟ್ಝ್ ಎಂದಿರುತ್ತದೆ. ಇದನ್ನಷ್ಟೇ ನೋಡಿದರೆ ಐಎನ್‌ಎ333 ಸೋತಂತೆ. ಎರಡು ಸಂಗತಿ ಈ ತೀರ್ಪನ್ನು ಬದಲಿಸುತ್ತವೆ.

ಒಂದು, ಆ 9 ದೊಡ್ಡ ಗೇನಿನ ಮಾತು. ಔಟ್‌ಪುಟ್ ಹಂತದ ನಾಯ್ಸ್ ಬೇರೆ ಇರುತ್ತದೆ, ಎಡಿ620ರಲ್ಲಿ ಅದು 72. ಗೇನ್ 10 ಇದ್ದರೆ ಇನ್‌ಪುಟ್ಟಿಗೆ ತಂದು ನೋಡಿದಾಗ 7.2 ಆಗಿ, 9ರ ಜತೆ ವರ್ಗಮೂಲದಲ್ಲಿ ಕೂಡಿ 11.5 ಆಗುತ್ತದೆ.

ಎರಡನೆಯದೇ ದೊಡ್ಡದು. ಸುರಕ್ಷತೆಗಾಗಿ ಪ್ರತಿ ಇನ್‌ಪುಟ್ಟಿಗೂ ಸರಣಿಯಲ್ಲಿ 100 ಕೆ ರೆಸಿಸ್ಟರ್ ಹಾಕುತ್ತೀರಿ (ಯಾಕೆಂದು ಮುಂದೆ ಬರುತ್ತದೆ). 100 ಕೆ ರೆಸಿಸ್ಟರ್ ತಾನೇ ಸುಮಾರು 40 ನ್ಯಾನೋವೋಲ್ಟ್ ಪ್ರತಿ ರೂಟ್ ಹರ್ಟ್ಝ್ ಹುಟ್ಟಿಸುತ್ತದೆ, ಎರಡು ಸೇರಿ 57. ಮೇಲಾಗಿ ಚಿಪ್ಪಿನ ಕರೆಂಟ್ ನಾಯ್ಸ್ ಆ ರೆಸಿಸ್ಟರಿನ ಮೂಲಕ ಹಾದು ವೋಲ್ಟೇಜ್ ಆಗುತ್ತದೆ. 0.1ರಿಂದ 10 ಹರ್ಟ್ಝಿನ ನಡುವೆ ಐಎನ್‌ಎ128ರ ಕರೆಂಟ್ ನಾಯ್ಸ್ 30 ಪಿಕೋಆಂಪ್ ಪೀಕ್ ಟು ಪೀಕ್, ಎಡಿ620ರದ್ದು 10, ಐಎನ್‌ಎ333ರದ್ದು 2. 100 ಕೆಯಿಂದ ಗುಣಿಸಿ: 3 ಮೈಕ್ರೋವೋಲ್ಟ್, 1 ಮೈಕ್ರೋವೋಲ್ಟ್, 0.2 ಮೈಕ್ರೋವೋಲ್ಟ್. ಹೀಗಾಗಿ ಪುಸ್ತಕದಲ್ಲಿ ಅತಿ ಮೌನಿ ಎನಿಸಿದ ಐಎನ್‌ಎ128, 100 ಕೆ ಕಟ್ಟಿದ ಮೇಲೆ ಈ ತಗ್ಗಿನ ಪಟ್ಟಿಯಲ್ಲಿ ಮೂರರಲ್ಲೂ ಹೆಚ್ಚು ಗದ್ದಲ ಮಾಡುತ್ತದೆ. ವೋಲ್ಟೇಜ್ ನಾಯ್ಸನ್ನು ಮಾತ್ರ ನೋಡಿ ದುಬಾರಿ ಚಿಪ್ ತರುವವರು ಇಲ್ಲೇ ಮೋಸ ಹೋಗುವುದು.

ಇಸಿಜಿಗೆ ಈ ಮೂರರಲ್ಲಿ ಯಾವುದಾದರೂ ನಡೆಯುತ್ತದೆ, ಚಿಂತೆ ಬೇಡ. ಇಇಜಿಗೆ ಮಾತ್ರ ಈ ಲೆಕ್ಕ ಪ್ರಾಣ.

ಸಿಎಂಆರ್‌ಆರ್ ಬಗ್ಗೆ ಒಂದಿಷ್ಟು ನಿಷ್ಠುರ ಮಾತು

ಗೇನ್ 10ರಲ್ಲಿ ಎಡಿ620ರ ಎ ದರ್ಜೆಗೆ ಕನಿಷ್ಠ 93 ಡಿಬಿ, ಐಎನ್‌ಎ128ರ ಒಳ್ಳೆಯ ದರ್ಜೆಗೆ 100. ಈ 7 ಡಿಬಿ ನಿಮ್ಮ ಕೈಗೆ ಸಿಗುವುದೇ ಇಲ್ಲ. ಒಂದು ಮೀಟರ್ ಶೀಲ್ಡ್ ಕೇಬಲ್ಲಿನಲ್ಲಿ 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇದೆ ಅಂದುಕೊಳ್ಳಿ. 50 ಹರ್ಟ್ಝಿನಲ್ಲಿ ಅದು ಸುಮಾರು 32 ಮೆಗಾಓಮ್. ಎರಡು ಇಲೆಕ್ಟ್ರೋಡುಗಳ ಚರ್ಮದ ರೋಧದಲ್ಲಿ 10 ಕೆ ವ್ಯತ್ಯಾಸ ಇದ್ದರೆ (ಇದು ಏನೂ ಹೆಚ್ಚಲ್ಲ) ಕಾಮನ್ ಮೋಡ್ ಮೂರು ಸಾವಿರಕ್ಕೆ ಒಂದು ಪಾಲು ನಿಜವಾದ ಸಿಗ್ನಲ್ ಆಗಿ ಒಳಗೆ ನುಗ್ಗುತ್ತದೆ. ಲೆಕ್ಕಕ್ಕೆ 70 ಡಿಬಿ. ಮೈಮೇಲೆ 100 ಮಿಲಿವೋಲ್ಟ್ 50 ಹರ್ಟ್ಝ್ ಇದ್ದರೆ 31 ಮೈಕ್ರೋವೋಲ್ಟ್ ಒಳಗೆ. ಇಸಿಜಿಯಲ್ಲಿ ಗೆರೆ ಸ್ವಲ್ಪ ದಪ್ಪವಾಗುತ್ತದೆ, ಇಇಜಿ ಮುಳುಗಿಹೋಗುತ್ತದೆ. ಚಿಪ್ಪಿನ ದರ್ಜೆ ಏರಿಸಿ ಇದನ್ನು ತಿದ್ದಲಾಗದು.

ತಿದ್ದುವುದು ಹೇಗೆಂದರೆ, ಎರಡೂ ಜಾಗದ ಚರ್ಮವನ್ನು ಸ್ಪಿರಿಟ್ಟಿನಲ್ಲಿ ಒಂದೇ ಸಮ ಉಜ್ಜಿ, ವೈರುಗಳನ್ನು ಗಿಡ್ಡ ಮಾಡಿ ಹೆಣೆದು, ಬಲಗಾಲಿಗೆ ಡ್ರೈವ್ ಕೊಟ್ಟು (ಕಾಮನ್ ಮೋಡನ್ನು ತಲೆಕೆಳಗು ಮಾಡಿ ಮೂರನೇ ಇಲೆಕ್ಟ್ರೋಡಿನಿಂದ ಮೈಗೇ ಮರಳಿಸಿ). ಬಲಗಾಲು ಡ್ರೈವಿಗೆ ಆರ್‌ಜಿಯನ್ನು ಎರಡು ಸಮ ತುಂಡು ಮಾಡಿ, ಐಎನ್‌ಎ128ಕ್ಕಾದರೆ 2.8 ಕೆ ಎರಡು. ನಡುವಿನ ಬಿಂದುವಿನಲ್ಲಿ ಕಾಮನ್ ಮೋಡ್ ಸಿಗುತ್ತದೆ. ಅದನ್ನು ಒಂದು ಬಫರಿನ ಮೂಲಕ, 10 ಕೆ ಮತ್ತು 390 ಕೆ ಹಾಕಿದ ಇನ್ವರ್ಟಿಂಗ್ ಆಂಪ್ಲಿಫೈಯರಿಗೆ ಕೊಟ್ಟು, ಔಟ್‌ಪುಟ್ಟಿನಿಂದ ಮತ್ತೊಂದು 390 ಕೆ ಮೂಲಕ ಮೂರನೇ ಇಲೆಕ್ಟ್ರೋಡಿಗೆ. ಆ ಕೊನೆಯ 390 ಕೆ ಬಿಟ್ಟುಬಿಡಬೇಡಿ. ಆಪ್‌ಆಂಪ್ ಸುಟ್ಟರೂ ಮೈಗೆ ಹರಿಯುವ ಕರೆಂಟನ್ನು ಹಿಡಿದಿಡುವುದು ಅದೊಂದೇ.

ಸಿಎಂಆರ್‌ಆರ್ ಹಾಳುಮಾಡುವ ಇನ್ನೊಂದು ಜಾಗ ರೆಫ್ ಪಿನ್. ಸಿಂಗಲ್ ಸಪ್ಲೈಯಲ್ಲಿ ಎರಡು 10 ಕೆಯ ಡಿವೈಡರ್ ಮಾಡಿ ಅದರ ನಡುವಿನ ತುದಿಯನ್ನೇ ನೇರ ರೆಫ್‌ಗೆ ಕೊಡುವುದನ್ನು ಎಷ್ಟೋ ರಿಪೋರ್ಟುಗಳಲ್ಲಿ ನೋಡಬಹುದು. ರೆಫ್‌ಗೆ 8 ಓಮ್ ಸೇರಿದರೂ ಗೇನ್ 1ರಲ್ಲಿ ಸಿಎಂಆರ್‌ಆರ್ ಸುಮಾರು 80 ಡಿಬಿಗೆ ಇಳಿಯುತ್ತದೆ ಎಂದು ಐಎನ್‌ಎ128ರ ಡೇಟಾಶೀಟೇ ಎಚ್ಚರಿಸುತ್ತದೆ. ಡಿವೈಡರಿನದ್ದು 5000 ಓಮ್. ನಡುವೆ ಎಂಸಿಪಿ6002 ಎಂಬ ಜೋಡಿ ಆಪ್‌ಆಂಪಿನ ಅರ್ಧ ಭಾಗವನ್ನು ಬಫರ್ ಮಾಡಿ ಹಾಕಿ, ಇನ್ನರ್ಧ ಎರಡನೇ ಹಂತದ ಗೇನಿಗೆ ಆಗುತ್ತದೆ.

ಹೈಪಾಸ್ ಎಲ್ಲಿ? ಮೊದಲ ಹಂತದ ಔಟ್‌ಪುಟ್ಟನ್ನು ಒಂದು ಇಂಟಿಗ್ರೇಟರಿಗೆ ಕೊಟ್ಟು ಅದರ ಫಲವನ್ನು ರೆಫ್‌ಗೆ ಹಿಂದಿರುಗಿಸಿದರೆ ಡಿಸಿ ತಾನಾಗಿ ರದ್ದಾಗುತ್ತದೆ. 330 ಕೆ ಮತ್ತು 1 ಮೈಕ್ರೋಫ್ಯಾರಡ್ ಹಾಕಿದರೆ 0.48 ಹರ್ಟ್ಝ್, 3.3 ಮೆಗಾಓಮ್ ಹಾಕಿದರೆ 0.048. ಇದರಿಂದ ಮೊದಲ ಹಂತದ ಗೇನ್ ಏರಿಸಬಹುದು ಎಂದುಕೊಳ್ಳಬೇಡಿ, ಚಿಪ್ಪಿನ ಒಳಗಿನ ಮೊದಲ ಜೋಡಿ ಆಂಪ್ಲಿಫೈಯರು ಆಫ್‌ಸೆಟ್ಟನ್ನು ಆಗಲೂ ಹೊತ್ತೇ ಇರುತ್ತದೆ.

ಹಾಗಾದರೆ ಯಾವುದು?

ಕಾಲೇಜಿನ ಲ್ಯಾಬಿನಲ್ಲಿ ಬ್ರೆಡ್‌ಬೋರ್ಡ್ ಮೇಲೆ ಕಲಿಯಲು, ಎರಡು 9 ವೋಲ್ಟ್ ಬ್ಯಾಟರಿ ಇಟ್ಟುಕೊಂಡು ಇಸಿಜಿ, ಇಎಂಜಿ ಮಾಡಲು ಎಡಿ620 ಅಥವಾ ಐಎನ್‌ಎ128. ಎರಡೂ 8 ಕಾಲಿನ ಡಿಪ್ ಪ್ಯಾಕೇಜಿನಲ್ಲಿ ಬರುತ್ತವೆ, ಪಿನ್‌ಗಳೂ ಒಂದೇ. ಸೂತ್ರದಲ್ಲಿ ಮಾತ್ರ ಎಡಿ620ಗೆ 50 ಕೆ ಬದಲು 49.4 ಕೆ.

ಬ್ಯಾಟರಿಯಲ್ಲಿ ದಿನಗಟ್ಟಲೆ ಓಡುವ, ಮೈಗೆ ಕಟ್ಟಿಕೊಳ್ಳುವ ಸಾಧನಕ್ಕೆ ಐಎನ್‌ಎ333. ಕಾಲುಗಳ ನಡುವೆ 0.65 ಮಿಲಿಮೀಟರ್ ಇರುವ ಎಂಎಸ್‌ಒಪಿ ಪ್ಯಾಕೇಜು, ಅಡಾಪ್ಟರ್ ಬೋರ್ಡ್ ಜತೆಗೇ ಕೊಳ್ಳಿ. ಫ್ಲಕ್ಸ್ ಧಾರಾಳವಾಗಿ ಹಚ್ಚಿದರೆ ಸಾಧಾರಣ ಐರನ್ನಿನಲ್ಲೂ ಬೆಸೆಯಬಹುದು.

ಬರೀ ಎದೆಬಡಿತ ಸಾಕು, ಅನಲಾಗ್ ತಲೆನೋವು ಬೇಡ ಎನ್ನುವವರಿಗೆ ಎಡಿ8232. ಅದು ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರಿಗಿಂತ ಹೆಚ್ಚಿನದು: ಗೇನ್ 100 ಒಳಗೇ ಇದ್ದೂ ±300 ಮಿಲಿವೋಲ್ಟ್ ಆಫ್‌ಸೆಟ್ ತಡೆಯುತ್ತದೆ, ಬಲಗಾಲು ಡ್ರೈವ್ ಇದೆ, ಇಲೆಕ್ಟ್ರೋಡು ಕಿತ್ತುಬಂದರೆ ಹೇಳುತ್ತದೆ. ಚಿಪ್ಪಿಗೆ ಕಾಲುಗಳೇ ಇಲ್ಲ, ಹಾಗಾಗಿ ಮಾಡ್ಯೂಲ್ ಕೊಳ್ಳಿ. ಆ ಮಾಡ್ಯೂಲುಗಳ ಫಿಲ್ಟರನ್ನು ಸಾಮಾನ್ಯವಾಗಿ ಎದೆಬಡಿತಕ್ಕೆ ತಕ್ಕಂತೆ ಕಿರಿದಾಗಿ ಕಟ್ಟಿರುತ್ತಾರೆ. ಅದೇ ಮಾಡ್ಯೂಲನ್ನು ತೋಳಿಗೆ ಕಟ್ಟಿ ಇಎಂಜಿ ಎಂದು ತೋರಿಸಿದರೆ ಮುಕ್ಕಾಲು ಸಿಗ್ನಲ್ ಫಿಲ್ಟರಿನಲ್ಲೇ ಉಳಿದಿರುತ್ತದೆ. ವೈವಾದಲ್ಲಿ ಕೇಳುವವರು ಕೇಳುತ್ತಾರೆ.

ಇಇಜಿಯನ್ನು ಗಂಭೀರವಾಗಿ ಮಾಡುವವರು ಬಿಡಿ ಚಿಪ್ ಬಿಟ್ಟು ಎಡಿಎಸ್1299 ಕಡೆ ನೋಡಲಿ. 8 ಚಾನೆಲ್, 24 ಬಿಟ್, ಗೇನ್ 24ರವರೆಗೆ, ನಾಯ್ಸ್ 1 ಮೈಕ್ರೋವೋಲ್ಟ್ ಪೀಕ್ ಟು ಪೀಕ್ ಮಟ್ಟದ್ದು. 24 ಬಿಟ್ ಇರುವುದರಿಂದ ಆಫ್‌ಸೆಟ್ಟನ್ನು ಸಿಗ್ನಲ್ ಜತೆಗೇ ಅಳೆದು ಸಾಫ್ಟ್‌ವೇರಿನಲ್ಲಿ ಕಳೆಯಬಹುದು. ಬೆಲೆ ಮಾತ್ರ ಕೈ ಸುಡುತ್ತದೆ.

ಅಂಗಡಿಯಲ್ಲಿ

ಲ್ಯಾಮಿಂಗ್ಟನ್ ರೋಡಿನ ಕೌಂಟರಿನಲ್ಲಿ ಎಡಿ620 ಇಲ್ಲದಿದ್ದರೆ 'ಸೇಮ್ ಹೈ, ಲೇ ಜಾವ್' ಎಂದು ಇನ್ನೊಂದನ್ನು ಮುಂದಿಡುವುದುಂಟು. ಕೊಂಡೊಯ್ಯುವ ಮುಂಚೆ ಇವಿಷ್ಟು ನೆನಪಿರಲಿ. ಎಡಿ623ರ ಪಿನ್‌ಗಳು ಎಡಿ620ರಂತೆಯೇ ಇವೆ, ಆದರೆ ಅದರ ಒಟ್ಟು ಸಪ್ಲೈ ಮಿತಿ 12 ವೋಲ್ಟ್, ಎರಡು 9 ವೋಲ್ಟ್ ಬ್ಯಾಟರಿ ಕೊಟ್ಟರೆ ಸುಡುತ್ತದೆ. ಸೂತ್ರ ಬೇರೆ ಆದ್ದರಿಂದ ಎಡಿ620ಗೆಂದು ಹಾಕಿದ 5.49 ಕೆ ಆರ್‌ಜಿಯನ್ನು ಹಾಗೇ ಬಿಟ್ಟರೆ ಗೇನ್ 10ರ ಬದಲು 19 ಆಗುತ್ತದೆ. ಐಎನ್‌ಎ126ರ ಸೂತ್ರ 5 + 80 ಕೆ ÷ ಆರ್‌ಜಿ. ಆರ್‌ಜಿ ಹಾಕದಿದ್ದರೂ ಗೇನ್ 5 ಇದ್ದೇ ಇರುತ್ತದೆ. ಎಡಿ8221, ಐಎನ್‌ಎ826 ಒಳ್ಳೆಯ ಚಿಪ್‌ಗಳೇ, ಆದರೆ ಪಿನ್ ಜೋಡಣೆಯೇ ಬೇರೆ: ಆರ್‌ಜಿ 2 ಮತ್ತು 3ರ ನಡುವೆ ಬರುತ್ತದೆ. ಎಡಿ620ಗೆ ಮಾಡಿದ ಬೋರ್ಡಿನಲ್ಲಿ ಕೂರಿಸಿದರೆ ಸಪ್ಲೈ ತಪ್ಪು ಕಾಲಿಗೆ ಹೋಗುತ್ತದೆ.

ಗೋವಾದಲ್ಲಿ ಇಂಥ ದೊಡ್ಡ ಪೇಟೆ ಇಲ್ಲ, ಫರ್ಮಾಗುಡಿ ಕಾಲೇಜಿನವರಾಗಲಿ ಝುವಾರಿನಗರದ ಕಾಲೇಜಿನವರಾಗಲಿ ಆನ್‌ಲೈನಿನಲ್ಲೇ ತರಿಸುವುದು. ಎಲಿಮೆಂಟ್14, ಮೌಸರ್, ಡಿಜಿ-ಕೀ ತರಹದ ವಿತರಕರಲ್ಲಿ ಬೆಲೆ ಹೆಚ್ಚು, ಅಸಲಿತನದ ಭಯ ಇಲ್ಲ. ನಾಲ್ಕೈದು ಗೆಳೆಯರು ಒಟ್ಟಿಗೆ ಆರ್ಡರ್ ಹಾಕಿದರೆ ಸಾಗಣೆ ಖರ್ಚು ಹಂಚಿಹೋಗುತ್ತದೆ.

ತಂದ ಮೇಲೆ, ಮೈಗೆ ಕಟ್ಟುವ ಮುಂಚೆ

ಎಡಿ620ರ ಹೆಸರಿನ ನಕಲಿಗಳು ಬಹಳ. ಪರೀಕ್ಷೆಗೆ ಅರ್ಧ ಗಂಟೆ ಸಾಕು. ±9 ವೋಲ್ಟ್ ಕೊಡಿ, ಎರಡೂ ಸಪ್ಲೈ ಪಿನ್ನಿನ ಬುಡಕ್ಕೇ 100 ನ್ಯಾನೋಫ್ಯಾರಡ್ ಹಾಕಿ. ಆರ್‌ಜಿ 499 ಓಮ್, ಗೇನ್ 100.

ಮೊದಲು ಸಪ್ಲೈ ಕರೆಂಟ್ ಅಳೆಯಿರಿ. 0.9 ಮಿಲಿಆಂಪಿನ ಸುತ್ತ ಇರಬೇಕು, 1.3 ದಾಟಬಾರದು. ಅದರ ಎರಡು ಮೂರು ಪಟ್ಟು ತೋರಿಸಿದರೆ ಮೇಲಿನ ಹೆಸರು ಉಜ್ಜಿ ಬರೆದದ್ದು. ಆಮೇಲೆ ಎರಡೂ ಇನ್‌ಪುಟ್ಟುಗಳನ್ನು ಗ್ರೌಂಡಿಗೆ ಕಟ್ಟಿ. ಔಟ್‌ಪುಟ್ 15 ಮಿಲಿವೋಲ್ಟಿನೊಳಗೆ ಇರಬೇಕು. ಡಿವೈಡರಿನಿಂದ 10 ಮಿಲಿವೋಲ್ಟ್ ಕೊಟ್ಟರೆ 1 ವೋಲ್ಟ್ ಬರಬೇಕು.

ಕೊನೆಯದು ಕಾಮನ್ ಮೋಡ್. ಎರಡೂ ಇನ್‌ಪುಟ್ಟುಗಳನ್ನು ಒಂದಕ್ಕೊಂದು ಸೇರಿಸಿ 50 ಹರ್ಟ್ಝಿನ, 2 ವೋಲ್ಟ್ ಪೀಕ್ ಟು ಪೀಕ್ ಸೈನ್ ಅಲೆ ಕೊಡಿ. ಫಂಕ್ಷನ್ ಜನರೇಟರ್ ಇಲ್ಲದಿದ್ದರೆ ಫೋನಿನ ಹೆಡ್‌ಫೋನ್ ತೂತಿನಿಂದ ಟೋನ್ ಜನರೇಟರ್ ಆಪ್ ಬಳಸಿ, ಎಷ್ಟು ಬರುತ್ತಿದೆ ಎಂದು ಅಳೆದುಕೊಂಡರಾಯಿತು. ಅಸಲಿ ಚಿಪ್ಪಾದರೆ 110 ಡಿಬಿ, ಮಲ್ಟಿಮೀಟರಿನ ಎಸಿ ಮಿಲಿವೋಲ್ಟಿನಲ್ಲಿ 0.2ರ ಸುತ್ತ ಅಥವಾ ಅದಕ್ಕೂ ಕಡಿಮೆ ಕಾಣಬೇಕು. 7 ಮಿಲಿವೋಲ್ಟ್ ಕಂಡರೆ ಅದು 80 ಡಿಬಿ. ಬ್ರೆಡ್‌ಬೋರ್ಡಿನ ಉದ್ದ ವೈರುಗಳೂ ಒಂದಿಷ್ಟು ಕೆಡಿಸುತ್ತವೆ, ಆದ್ದರಿಂದ ಗಿಡ್ಡ ಮಾಡಿ ಇನ್ನೊಮ್ಮೆ ನೋಡಿಯೇ ತೀರ್ಪು ಕೊಡಿ.

ಮೈಗೆ ಕಟ್ಟುವಾಗ

ಇಲ್ಲಿ ರಿಯಾಯಿತಿ ಇಲ್ಲ. ಬೋರ್ಡು ಬ್ಯಾಟರಿಯಲ್ಲೇ ಓಡಬೇಕು, ಡೇಟಾ ಬ್ಲೂಟೂತ್ ಅಥವಾ ವೈಫೈಯಲ್ಲಿ ಹೋಗಬೇಕು. ಯುಎಸ್‌ಬಿ ಬೇಕೇ ಬೇಕೆಂದರೆ ಎಡಿಯುಎಂ4160 ಥರದ ಐಸೊಲೇಟರ್ ನಡುವೆ ಇರಲಿ, ಬೋರ್ಡಿನ ಸಪ್ಲೈ ಆಗಲೂ ಬ್ಯಾಟರಿಯೇ. ಗಿರಗಾಂವಿನ ಹಳೇ ಚಾಳು, ಪುಣೆಯ ವಾಡೆಗಳಲ್ಲಿನ ಬಾಡಿಗೆ ಕೋಣೆಗಳಲ್ಲಿ ಅರ್ತ್ ಇಲ್ಲದ ಎರಡು ಪಿನ್ನಿನ ಸಾಕೆಟ್ಟುಗಳು ಇನ್ನೂ ಇವೆ. ಚಾರ್ಜಿಗಿಟ್ಟ ಲ್ಯಾಪ್‌ಟಾಪಿನ ಮೈ ಮುಟ್ಟಿದಾಗ ಜುಮ್ಮೆನ್ನುವುದು ಅಡಾಪ್ಟರಿನಿಂದ ಸೋರಿದ ಮೇನ್ಸೇ. ಅದಕ್ಕೆ ಜೆಲ್ ಹಚ್ಚಿದ ಇಲೆಕ್ಟ್ರೋಡಿನಿಂದ ಎದೆಯ ದಾರಿ ತೋರಿಸಬಾರದು. ಮೇನ್ಸಿಗೆ ಕಟ್ಟಿದ ಆಸಿಲೋಸ್ಕೋಪನ್ನೂ ಮೈಮೇಲೆ ಇಲೆಕ್ಟ್ರೋಡು ಇರುವಾಗ ಬೋರ್ಡಿಗೆ ಜೋಡಿಸಬೇಡಿ.

100 ಕೆಯ ಲೆಕ್ಕ ಹೀಗಿದೆ. ವೈದ್ಯಕೀಯ ಉಪಕರಣಗಳ ಮಾನದಂಡ ಐಇಸಿ 60601-1 ಪ್ರಕಾರ ಇಲೆಕ್ಟ್ರೋಡುಗಳ ನಡುವೆ ಮೈಯಲ್ಲಿ ಹರಿಯುವ ಡಿಸಿ ಮಾಮೂಲಿ ಸ್ಥಿತಿಯಲ್ಲಿ 10 ಮೈಕ್ರೋಆಂಪ್, ಒಂದು ದೋಷ ಸಂಭವಿಸಿದಾಗ 50 ಮೈಕ್ರೋಆಂಪ್ ಮೀರಬಾರದು. ಚಿಪ್ ಸುಟ್ಟು 5 ವೋಲ್ಟ್ ನೇರ ಇನ್‌ಪುಟ್ಟಿಗೆ ಬಂದರೆ 100 ಕೆ ಅದನ್ನು 50ಕ್ಕೆ ಹಿಡಿಯುತ್ತದೆ. 9 ವೋಲ್ಟ್ ಇದ್ದರೆ 180 ಕೆ ಹಾಕಿ. ಇಷ್ಟೆಲ್ಲ ಮಾಡಿದರೂ ಇದು ಕಲಿಕೆಯ ಸಾಧನ. ಯಾರ ಕಾಯಿಲೆಯನ್ನೂ ಇದರಲ್ಲಿ ನೋಡಿ ಹೇಳುವಂತಿಲ್ಲ, ಪೇಸ್‌ಮೇಕರ್ ಇದ್ದವರಿಗೆ ಕಟ್ಟುವಂತಿಲ್ಲ.

ಆ 100 ಕೆಗಳ ನಂತರ ಇನ್‌ಪುಟ್ಟುಗಳ ನಡುವೆ 1 ನ್ಯಾನೋಫ್ಯಾರಡ್, ಪ್ರತಿ ಇನ್‌ಪುಟ್ಟಿನಿಂದ ಗ್ರೌಂಡಿಗೆ 100 ಪಿಕೋಫ್ಯಾರಡ್ ಹಾಕಿದರೆ ಸುಮಾರು 760 ಹರ್ಟ್ಝಿನ ಲೋಪಾಸ್ ಆಗುತ್ತದೆ, ಮೊಬೈಲಿನ ಗುರ್ ಗುರ್ ನಿಲ್ಲುತ್ತದೆ. ಗ್ರೌಂಡಿಗೆ ಹೋಗುವ ಎರಡು ಸಿ0ಜಿ ಜಾತಿಯವು ಇರಲಿ, ಸಿಕ್ಕರೆ 1 ಪರ್ಸೆಂಟಿನವು. 5 ಪರ್ಸೆಂಟಿನ ಜೋಡಿ ವಿರುದ್ಧ ದಿಕ್ಕಿಗೆ ತಪ್ಪಿದರೆ ಅಲ್ಲೇ 70 ಡಿಬಿಗೆ ಬಂದು ನಿಲ್ಲುತ್ತೀರಿ.

ಕೆಟ್ಟರೆ ಎಲ್ಲಿ ನೋಡುವುದು

ಔಟ್‌ಪುಟ್ ತುದಿಗೆ ಅಂಟಿಕೊಂಡಿದ್ದರೆ ಇಲೆಕ್ಟ್ರೋಡುಗಳ ನಡುವಿನ ಡಿಸಿಯನ್ನು ಮೊದಲ ಹಂತದ ಔಟ್‌ಪುಟ್ಟಿನಲ್ಲೇ ಅಳೆಯಿರಿ, ಚರ್ಮಕ್ಕೆ ಮೀಟರ್ ಹಚ್ಚಬೇಡಿ. ಗೇನಿನಿಂದ ಭಾಗಿಸಿದರೆ ಆಫ್‌ಸೆಟ್ ಸಿಗುತ್ತದೆ. 100 ಮಿಲಿವೋಲ್ಟ್ ದಾಟಿದ್ದರೆ ಇಲೆಕ್ಟ್ರೋಡು ಹಳತಾಗಿದೆ, ಪ್ಯಾಕೆಟ್ ಒಡೆದಿಟ್ಟು ಜೆಲ್ ಒಣಗಿದೆ.

50 ಹರ್ಟ್ಝ್ ದಪ್ಪಗೆ ಕಂಡರೆ ತಕ್ಷಣ ನಾಚ್ ಫಿಲ್ಟರಿಗೆ (ಆ ಒಂದೇ ಫ್ರೀಕ್ವೆನ್ಸಿಯನ್ನು ಕತ್ತರಿಸುವಂಥದ್ದು) ಕೈ ಹಾಕಬೇಡಿ. ಇನ್‌ಪುಟ್ ವೈರುಗಳನ್ನು ಹೆಣೆದು, ಮೂರನೇ ಇಲೆಕ್ಟ್ರೋಡನ್ನು ಮತ್ತೆ ಒತ್ತಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಅಲೆ 100 ಹರ್ಟ್ಝಿನದಾಗಿದ್ದರೆ ಅದು ಯಾವುದೋ ಸಪ್ಲೈಯ ರಿಪ್ಪಲ್, ಮೈಯಿಂದ ಬಂದದ್ದಲ್ಲ.

ಗೆರೆ ಉಸಿರಿನ ಜತೆ ತೂಗಿದರೆ ಅದು ಸಹಜ, ಹೈಪಾಸನ್ನು 0.5ಕ್ಕೆ ಏರಿಸಿ. ಕೈಕಾಲು ಆಡಿಸಿದಾಗ ಮಾತ್ರ ಜಿಗಿದರೆ ವೈರನ್ನು ಟೇಪಿನಿಂದ ಮೈಗೆ ಅಂಟಿಸಿ.

ಜೂನಿನಿಂದ ಸೆಪ್ಟೆಂಬರಿನವರೆಗೆ ಇಡೀ ಕರಾವಳಿಗೆ ಇನ್ನೊಂದು ರೋಗ ಸೇರುತ್ತದೆ. ಬೇಸಿಗೆಯಲ್ಲಿ ಸರಿಯಾಗಿದ್ದ ಬೋರ್ಡು ಮಳೆ ಹಿಡಿದ ಮೇಲೆ ತೇಲತೊಡಗುತ್ತದೆ. ತೊಳೆಯದ ಫ್ಲಕ್ಸ್ ತೇವ ಹೀರಿ ಕಾಲುಗಳ ನಡುವೆ ಸೋರುದಾರಿ ಮಾಡಿರುತ್ತದೆ. ಸಪ್ಲೈ ಕಾಲಿಗೂ ಇನ್‌ಪುಟ್ಟಿಗೂ ನಡುವೆ 1 ಗಿಗಾಓಮ್ ಉಳಿದಿದ್ದರೂ 5 ವೋಲ್ಟಿನಲ್ಲಿ 5 ನ್ಯಾನೋಆಂಪ್ ಸೋರುತ್ತದೆ, ಐಎನ್‌ಎ333ರ 200 ಪಿಕೋಆಂಪಿಗೆ ಕೊಟ್ಟ ದುಡ್ಡು ಅಲ್ಲಿಗೆ ನೀರುಪಾಲು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಇನ್‌ಪುಟ್ ಕಡೆಯನ್ನು ಎರಡು ಸಲ ಉಜ್ಜಿ, ಹೇರ್ ಡ್ರೈಯರಿನ ಹದವಾದ ಬಿಸಿಯಲ್ಲಿ ಚೆನ್ನಾಗಿ ಒಣಗಿಸಿ, ಆ ಬಿಸಿ ಆರುವ ಮುಂಚೆಯೇ ಕನ್‌ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ) ಬಳಿಯಿರಿ. ತೇವ ಒಳಗಿರುವಾಗಲೇ ಬಳಿದರೆ ಅದು ಅಲ್ಲೇ ಸಿಕ್ಕಿಬೀಳುತ್ತದೆ, ಕಿತ್ತು ಮತ್ತೆ ಶುರುಮಾಡಬೇಕಾಗುತ್ತದೆ.